ಮೋರ್ವಾಲ್ ಮನೆತನದ ಕಪಾಟು

ಹೆಂಡತಿ ಸೀತಾಳ ಕೆನ್ನೆಗೆ ಬಾರಿಸಿದ ಅಂಗೈ ಇನ್ನೂ ಚುರುಗುಟ್ಟುತ್ತಿತ್ತು. ಅದೇ ಕೈಯಲ್ಲಿ ಸುಬ್ರಾಯ ಜೀಪಿನ ಗೇರು ಬದಲಿಸಿದ. ಸಿರಸಿಯಿಂದ ಹೊರಡುವಾಗ ಅವಳು ಕೇಳಿದ್ದು ಇಷ್ಟೇ: "ಇದ್ದಿದ್ದನ್ನ ಇದ್ದಾಂಗೆ ಹೇಳಿದ್ರೆ ಎಂತ ಆಗ್ತು?"

ಎಂತ ಆಗ್ತು! ಪೊಲೀಸರು, ಕೋಳ, ಜೈಲು. ಫ್ರಾನ್ಸಿನಿಂದ ಬಂದ ಪತ್ರ ಅವನ ಜೇಬಿನಲ್ಲೇ ಇತ್ತು. "ಕಪಾಟಿನ ನಿಜ ನಮಗೆ ಗೊತ್ತಾಗಿದೆ. ಮಾಡಿದವರನ್ನು ನೋಡಬೇಕು. ಹದಿನೇಳನೇ ತಾರೀಕು ಹುಬ್ಬಳ್ಳಿ ಕಡೆಯಿಂದ ಕಿರವತ್ತಿಗೆ ಬರುತ್ತೇನೆ. ಫಿಲಿಪ್ ಮೋರ್ವಾಲ್." ಹೆಂಗಸರು ಜೊತೆಗಿದ್ದರೆ ಪರದೇಶದವನು ಕೂಗಾಡಲಿಕ್ಕಿಲ್ಲ ಎಂಬ ಲೆಕ್ಕದಲ್ಲಿ ಸುಬ್ರಾಯ ಸೀತಾಳನ್ನು ಕರೆತಂದಿದ್ದ. ಈಗ ನೋಡಿದರೆ ಅವಳ ಕೆನ್ನೆಯ ಮೇಲೆ ಐದೂ ಬೆರಳು ಮೂಡಿದ್ದವು.

ಮೋರ್ವಾಲರದು ಪೀಠೋಪಕರಣ ಮತ್ತು ಮನೆ ಅಲಂಕಾರದ ವ್ಯಾಪಾರ, ಐದು ತಲೆಮಾರಿನದು. ಮೂಲಪುರುಷ ತಳ್ಳುಗಾಡಿಯಲ್ಲಿ ಕುರ್ಚಿ ಮಾರಿದವನು. ಮಗ ಶ್ರೀಮಂತರ ದಿವಾನಖಾನೆಗಳಿಗೆ ಪರದೆ, ಕನ್ನಡಿ ತೂಗಿಸಿ ಹೆಸರು ಮಾಡಿದ. ಯುದ್ಧದಲ್ಲಿ ಕಾರ್ಖಾನೆ ಸುಟ್ಟುಹೋಗಿ, ಮೂಲಪುರುಷ ಮಾಡಿದ ಮೊದಲ ಕಪಾಟಿನ ಚಿತ್ರವೊಂದೇ ಉಳಿಯಿತು. ತೊಂಬತ್ತಾರರಲ್ಲಿ ಆ ಚಿತ್ರವನ್ನು ಸಿರಸಿಯಲ್ಲಿ ಮರದ ಸಾಮಾನಿನ ವ್ಯಾಪಾರ ಮಾಡುವ ಸುಬ್ರಾಯನಿಗೆ ಕಳಿಸಿ, ಇಂಥದೊಂದು ಮಾಡಿಸಿಕೊಡಿ ಎಂದು ಕೇಳಿದ್ದರು. ಸುಬ್ರಾಯ ಕಿರವತ್ತಿಯ ಬಡಗಿ ಜಟ್ಟಪ್ಪನಿಂದ ಮಾಡಿಸಿ, "ಮೂಲ ಕಪಾಟೇ ಗೋವಾದ ಹಳೇ ಬಂಗಲೆಯೊಂದರಲ್ಲಿ ಸಿಕ್ಕಿತು" ಎಂದು ಬರೆದು ಕಳಿಸಿಬಿಟ್ಟ. ಪಾಪದವರು ನಂಬಿದರು. ಈ ಏಳು ವರ್ಷದಲ್ಲಿ ಅವರ ಮನೆತನದ ಇತಿಹಾಸ ಪುಸ್ತಕವಾಗಿ ಬಂದು, ಮುಖಪುಟದಲ್ಲಿ ಅದೇ ಕಪಾಟು ಕೂತಿತ್ತು.

ಕಿರವತ್ತಿಯ ಶೆಡ್ಡಿನಲ್ಲಿ ಜಟ್ಟಪ್ಪನ ಹೆಂಡತಿ ನಾಗಿ ಕಬ್ಬಿಣದ ಸರಪಳಿಯಿಂದ ಹೊಸ ಮೇಜನ್ನು ಬಡಿಯುತ್ತಿದ್ದಳು. ಹೊಸ ಮರಕ್ಕೆ ನೂರು ವರ್ಷ ವಯಸ್ಸು ತರುವ ವಿದ್ಯೆ ಅದು. ಸರಪಳಿಯಿಂದ ಬಡಿಯಬೇಕು, ಮೊಳೆಯಿಂದ ಹುಳುವಿನ ತೂತು ಕೊರೆಯಬೇಕು, ಕಾದ ಕಬ್ಬಿಣ ಇಟ್ಟು ಸುಡಬೇಕು. ಜಟ್ಟಪ್ಪ ಅದನ್ನು ಮರದ ಮೇಲೂ ಹೆಂಡತಿಯ ಮೇಲೂ ಒಂದೇ ಸಮನೆ ಪ್ರಯೋಗಿಸುತ್ತಿದ್ದ. ಕಪಾಟು ಲಾರಿಗೆ ಏರಿಸಿದ ದಿನ ನಾಗಿಯ ಹಣೆ ಒಡೆದಿತ್ತು, ಕಪಾಟಿನ ಒಳಮೈಯಲ್ಲಿ ದೊಡ್ಡದೊಂದು ಕಂದುಗೆಂಪು ಕಲೆ ಇತ್ತು. ಸುಬ್ರಾಯ ಕೇಳಲು ಹೋಗಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಜಟ್ಟಪ್ಪ ಮಾತ್ರ ಅಂದು ಗೋವಾಕ್ಕೆ ಹೋದನಂತೆ, ಮತ್ತೆ ಬರಲಿಲ್ಲ.

ಈಗ ಶೆಡ್ಡು ನಾಗಿಯದೇ. ಕೆಲಸಕ್ಕಿದ್ದವರೆಲ್ಲ ಹೆಂಗಸರು. ಮುಂದಿನ ಹಲ್ಲು ಮುರಿದ ಪಾರ್ವತವ್ವ, ಮೊಣಕೈ ಸುಟ್ಟ ಸಾವಂತ್ರಿ, ಹೀಗೆ. ನೆಲವೆಲ್ಲ ಮಣ್ಣು. ಸಾಣೆಕಲ್ಲು ಕೂರಿಸಿದ ಮೂಲೆಗೆ ಮಾತ್ರ ಸಿಮೆಂಟು.

ಸುಬ್ರಾಯ ನಾಗಿಯ ರಟ್ಟೆ ಹಿಡಿದು ತಿರುಚಿದ. "ಕೇಳಿದ್ರೆ ಎಲ್ಲಾ ಜಟ್ಟಪ್ಪಂದೇ ಕರಾಮತ್ತು ಅನ್ನು. ನನ್ನ ಹೆಸರು ಬಂತೋ, ಈ ಸರಪಳಿ ನಿನ್ನ ಬೆನ್ನ ಮೇಲೆ ಇರ್ತದೆ."

ನಾಗಿ ರಟ್ಟೆಯ ಮೇಲಿನ ಕೈಯನ್ನು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತ ಸೀತಾಳ ಕೆನ್ನೆಯನ್ನು ನೋಡಿದಳು.

"ಆಗ್ಲಿರಿ. ಅಂವೇನು ಎದ್ದು ಬಂದು ಅಲ್ಲ ಅನ್ನಂಗಿಲ್ಲ."

ಫಿಲಿಪ್ ಕಾರಿಳಿದ. ಕೈಯಲ್ಲಿ ದಪ್ಪ ಪುಸ್ತಕ.

"ನಮ್ಮ ಮೂಲಪುರುಷ ಅಕ್ರೋಟ್ ಮರ ಬಿಟ್ಟು ಬೇರೆ ಮುಟ್ಟಿದವನಲ್ಲ," ಎಂದ ಫಿಲಿಪ್ ಇಂಗ್ಲಿಷಿನಲ್ಲಿ. "ನೀವು ಕಳಿಸಿದ್ದು ಸಾಗವಾನಿ. ಪುಸ್ತಕ ಅಚ್ಚಾದ ಮೇಲೆ ನಮ್ಮ ಹಳೇ ಬಡಗಿಯೊಬ್ಬ ಕಂಡುಹಿಡಿದ."

ಸುಬ್ರಾಯ ಕೈ ಮುಗಿದೇಬಿಟ್ಟ. ಫಿಲಿಪ್ ನಕ್ಕ.

ಜೈಲಿನ ಮಾತೇ ಬರಲಿಲ್ಲ. ಮೂಲಪುರುಷನನ್ನು ಸೈನಿಕರು ಅಂಗಡಿಯಲ್ಲೇ ಕೊಂದರು, ಅವನು ಕಪಾಟಿನೊಳಗೆ ಕುಸಿದುಬಿದ್ದ ಎಂದು ಪುಸ್ತಕದಲ್ಲಿ ಬರೆದಾಗಿತ್ತಂತೆ. ಒಳಮೈಯ ಕಲೆ ಅವನ ರಕ್ತವೆಂದು ನಂಬಿ ಜನ ಅದರ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಾರಂತೆ. ಅದರಿಂದಲೇ ವ್ಯಾಪಾರ ಬೆಳೆದು ಈಗ ಅಂಗಡಿಗಳು ಹನ್ನೆರಡು, ಒಂದೊಂದಕ್ಕೂ ಒಂದು ಕಪಾಟು ಬೇಕು. ಕಾಫಿ ಡಿಕಾಕ್ಷನ್ನು, ತುಕ್ಕುನೀರು, ಅಕ್ರೋಟ್ ಸಿಪ್ಪೆ ಎಲ್ಲ ಬಳಿದು ನೋಡಿದ್ದಾರೆ. ಆ ಬಣ್ಣ ಬರುತ್ತಿಲ್ಲ.

ಹೋದ ಜೀವ ಬಂದ ಹಾಗಾಗಿ ಸುಬ್ರಾಯ ನಾಗಿಗೆ ವಿವರಿಸಿದ. "ಆ ಕಲೆ ಹ್ಯಾಂಗೆ ಮಾಡ್ದೆ ಅಂತ ಕೇಳ್ತಿದ್ದಾರೆ."

"ಬಣ್ಣ ನಂದಲ್ರಿ. ನಮ್ಮ ಮನಿಯವಂದು."

"ಹಾಗಾದ್ರೆ ಅವನನ್ನ ಗೋವಾದಿಂದ ಹುಡುಕಿಸ್ಬೇಕಾಯ್ತು!"

"ಬ್ಯಾಡ್ರಿ. ಅಂವಂದು ಒಂದಕ್ಕ ಮುಗೀತು. ಅಂಥಾವ್ರು ಊರಾಗ ಭಾಳ ಮಂದಿ ಅದಾರ."

ಸುಬ್ರಾಯ ಹಿಗ್ಗಿಹೋದ. ಕಸಬುದಾರರಿಗೆ ಬರವಿಲ್ಲ ಎಂದು ಫಿಲಿಪನಿಗೆ ಅನುವಾದಿಸಿಯೂ ಬಿಟ್ಟ.

ನಾಗಿ ಕೈಯೆತ್ತಿ ಹೆಬ್ಬೆರಳನ್ನು ತೋರುಬೆರಳಿನ ಮೊದಲ ಗೆಣ್ಣಿನ ಮೇಲಿಟ್ಟಳು. "ಪಾರ್ವತವ್ವ, ನಿಮ್ಮ ಗಂಡ ಕಲ್ಲಯ್ಯ ಈಗೂ ಬಡಿತಾನೇನ?"

"ದಿನಾ."

ಎರಡನೇ ಗೆಣ್ಣು. "ಸಾವಂತ್ರಿ, ನಿಮ್ಮ ಗಂಡ ಕೆರಿಯ?"

ಸಾವಂತ್ರಿ ಸುಟ್ಟ ಮೊಣಕೈ ತೋರಿಸಿದಳು.

ಒಬ್ಬೊಬ್ಬಳೂ ಹೇಳುತ್ತ ಹೋದಂತೆ ಹೆಬ್ಬೆರಳು ಸರಿಯುತ್ತ ಹೋಗಿ ಕಿರುಬೆರಳಿನ ನಡುವಿನ ಗೆಣ್ಣಿನಲ್ಲಿ ನಿಂತಿತು. ಅಲ್ಲಿಗೆ ಹನ್ನೊಂದು, ಇನ್ನೊಂದು ಗೆಣ್ಣು ಬಾಕಿ. ನಾಗಿ ಬಾಗಿಲಿಗೆ ಹೋಗಿ ಸೀತಾಳ ಕೆನ್ನೆಯನ್ನು ಮೆಲ್ಲಗೆ ಸವರಿದಳು.

"ಅಕ್ಕಾರ, ಇದು ಇವತ್ತೊಂದಿನದ್ದೋ, ದಿನಾನೋ?"

ಸೀತಾ ಮೊದಲ ಬಾರಿಗೆ ತಲೆಯೆತ್ತಿದಳು. "ದಿನಾ."

ನಾಗಿ ಹೋಗಿ ಸರಪಳಿ ಎತ್ತಿಕೊಂಡು ಸುಬ್ರಾಯನ ಕಡೆ ತಿರುಗಿದಳು.

"ಹನ್ನೆರಡೂ ಸಿಕ್ಕಾವು ಅಂತ ಹೇಳ್ರಿ ಸಾಹುಕಾರ್ರ, ಅವರಿಗೆ."