ಗೀರೂ ಬೀಳದ ಬಾಗಿಲು

ಕಾದ ಕಬ್ಬಿಣಕ್ಕೆ ನೀರು ಬಿದ್ದ ವಾಸನೆ. ಚಿಕ್ಕಂದಿನಲ್ಲಿ ಮೇಲೂರಿನ ಕುಲುಮೆಯ ಮುಂದೆ ಅಪ್ಪನ ಕುಡುಗೋಲಿಗಾಗಿ ಕಾದು ಕೂತಾಗ ಕದಿರಮ್ಮನ ಮೂಗಿಗೆ ಹತ್ತಿದ್ದ ಅದೇ ವಾಸನೆ, ಇವತ್ತು ಚಿಕ್ಕಬಳ್ಳಾಪುರದಾಚೆಯ ಜಲ್ಲಿ ಕ್ರಷರ್‌ನ ಉಗ್ರಾಣದ ಬಾಗಿಲಲ್ಲಿ ಎದ್ದಿತ್ತು. ವೆಲ್ಡರ್ ಮುನೇಶ್ ಡ್ರಿಲ್ಲಿನ ಮೊನೆಗೆ ನೀರು ಹನಿಸುತ್ತಿದ್ದ. ಮೊನೆ ಮತ್ತೆ ಮುರಿಯಿತು. ಬಾಗಿಲ ಮೇಲೆ ಒಂದು ಗೀರೂ ಇಲ್ಲ.

"ಈ ಬಾಗಿಲಿಗೆ ಗೀರೂ ಬೀಳಲ್ಲ ಅಂತ ಯಜಮಾನ್ರು ಹೇಳಿದ್ದು ಸುಳ್ಳಲ್ಲ ಬಿಡಪ್ಪ," ಎಂದ ಲಾರಿ ಡ್ರೈವರ್ ನಲ್ಲಪ್ಪ. "ಜೀವಮಾನದಲ್ಲಿ ಇದೊಂದಾದ್ರೂ ನಿಜ ಹೇಳವ್ರೆ."

ಕಲ್ಲು ಜಾರಿ ಬೀಳುವ ಕಡೆ ಹೊದಿಸುವ ಅತಿ ಗಟ್ಟಿ ಉಕ್ಕಿನ ಪ್ಲೇಟು ಅದು. ಲೋಡುಗಟ್ಟಲೆ ಕಲ್ಲು ಉಜ್ಜಿದರೂ ಸವೆಯದು. ಸವೆಯದ ಪ್ಲೇಟುಗಳು ಉಗ್ರಾಣದಿಂದ ಮಾತ್ರ ಕರಗುತ್ತಿದ್ದವು. ಅದಕ್ಕೇ ಯಜಮಾನ ಚನ್ನಕೇಶವ ಅದೇ ಪ್ಲೇಟಿನಲ್ಲಿ ಬಾಗಿಲು ಮಾಡಿಸಿ, ಹೂವು ಮುಡಿಸಿ, ಕಾಯಿ ಒಡೆದು ಭಾಷಣ ಬಿಗಿದಿದ್ದ. ತಳ್ಳಿದರೆ ತಾನೇ ಬೀಗ ಬೀಳುತ್ತದೆ. ಒಳಗಡೆ ಹಿಡಿಯೇ ಇಲ್ಲ.

"ಕಳ್ಳನಿಗೆ ಹಿಡಿ ಯಾಕ್ರೋ?" ಎಂದಿದ್ದ.

ಎಲ್ಲರೂ ಚಪ್ಪಾಳೆ ತಟ್ಟಿದ್ದರು. ತಟ್ಟದವರೇ ಕಳ್ಳರೆಂದಾಗುವ ಭಯ. ತಟ್ಟದೆ ನಿಂತವನು ಕದಿರಮ್ಮನ ಮಗ ವೇಣು ಒಬ್ಬನೇ. ನಿನ್ನೆ ಚನ್ನಕೇಶವ ಅವನನ್ನು ಕಳ್ಳನೆಂದು ಕರೆದು, ಕತ್ತು ಹಿಡಿದು ಗೇಟಿನಾಚೆ ದಬ್ಬಿದ. "ನೋಡ್ಕೋತೀನಿ," ಎಂದು ಹೋದ ವೇಣು ರಾತ್ರಿ ಮನೆಗೆ ಬಂದಿರಲಿಲ್ಲ.

ಬೆಳಿಗ್ಗೆ ಕೂಲಿಯವರ ಅಡುಗೆಗೆಂದು ಬಂದ ಕದಿರಮ್ಮನಿಗೆ ಉಗ್ರಾಣದ ಮುಂದೆ ಟೆಂಪೊ ಕಂಡಿತು. ಅದರೊಳಗೆ ಪ್ಲೇಟುಗಳು. ಉಗ್ರಾಣದೊಳಗೆ ಯಾರದೋ ನೆರಳು. ಹಿಂದೆಮುಂದೆ ನೋಡದೆ ಬಾಗಿಲು ತಳ್ಳಿಬಿಟ್ಟಳು. ಟೆಂಪೊದವನು ಓಟ ಕಿತ್ತ. ಆಮೇಲೆ ಹೊಳೆಯಿತು: ಒಳಗಿರುವವನು ವೇಣುವಾಗಿದ್ದರೆ?

ಎಲ್ಲರೂ ಕೂಗಿ ನೋಡಿದರು. ಒಳಗಿನಿಂದ ಉಸಿರಿಲ್ಲ.

"ಗುರ್ತಿರೋ ಗಂಟಲೇ ಇರ್ಬೇಕು, ಅದಕ್ಕೇ ಬಾಯಿ ಬಿಡ್ತಿಲ್ಲ," ಎಂದ ನಲ್ಲಪ್ಪ.

"ಯಜಮಾನ್ರಿಗೆ ಹೇಳಿದ್ರಾ?" ಎಂದಳು ಕದಿರಮ್ಮ.

"ಫೋನ್ ಸ್ವಿಚಾಫ್. ಪಾಲುದಾರರು ರಮೇಶ್‌ಬಾಬು ಚಿಂತಾಮಣಿಯಿಂದ ಹೊರಟವ್ರೆ. ಇನ್ನೊಂದು ಕೀ ಅವ್ರತ್ರ ಐತೆ. ಪೊಲೀಸ್ರನ್ನೂ ಕರ್ಕೊಂಡೇ ಬರ್ತಾರಂತೆ. ಪ್ಲೇಟಿಗೆಲ್ಲ ದುಡ್ಡು ಹಾಕಿರೋರು ಅವ್ರಲ್ವಾ, ಹೊಟ್ಟೆ ಉರಿಯಲ್ವಾ?"

ಮುನೇಶ್ ಡ್ರಿಲ್ ಕೆಳಗಿಟ್ಟ. ಗ್ಯಾಸ್ ಕಟರ್ ಬೀಗ ಬಿದ್ದ ಉಗ್ರಾಣದೊಳಗೇ ಉಳಿದಿತ್ತು.

"ಅವ್ರು ಬರೋಕ್ಮುಂಚೆ ನಿನ್ ಹುಡುಗನ್ನ ಬಿಡ್ಸಣ ಅಂತ ನೋಡ್ದೆ. ಆಗ್ಲಿಲ್ಲ ಕಣಮ್ಮ," ಎಂದ, ಅವಳಿಗೊಬ್ಬಳಿಗೇ ಕೇಳುವಂತೆ. ಆಮೇಲೆ ದನಿ ಏರಿಸಿದ: "ಏಯ್, ಟೀ ಕುಡಿಯಣ ಬನ್ರೋ ಎಲ್ರೂ!"

ಅಂಗಳ ಖಾಲಿಯಾಯಿತು. ಕದಿರಮ್ಮ ಮುದ್ದೆ, ಬಸ್ಸಾರಿನ ಡಬ್ಬಿ ಹಿಡಿದು ಉಗ್ರಾಣದ ಹಿಂದಕ್ಕೆ ಹೋದಳು. ಗೋಡೆಯಲ್ಲೊಂದು ಗಾಳಿಕಿಂಡಿ. ಒಳಗಿನವನು ಕಬ್ಬಿಣ ಬೀಸಿಯಾನೆಂದು ಶೂರರ್ಯಾರೂ ಅತ್ತ ಸುಳಿದಿರಲಿಲ್ಲ. ಅವಳು ಕಲ್ಲು ಹತ್ತಿ ನಿಂತಳು.

"ತಗೋಳಪ್ಪ. ಸಿಟ್ಟಲ್ಲಿ ನೀನೇನೋ ಮಾಡ್ಬಿಟ್ಟೆ. ಮೊದ್ಲು ಉಣ್ಣು. ನಾನಿದೀನಿ."

ಕತ್ತಲಿಂದ ಒಂದು ಕೈ ಬಂತು. ಬೆರಳು ಬೆರಳಿಗೂ ಹರಳಿನ ಉಂಗುರ.

"ಕೂಗ್ಬೇಡ ಕದಿರಮ್ಮ," ಎಂದು ಚನ್ನಕೇಶವ ಪಿಸುಗುಟ್ಟಿದ. "ರಮೇಶ್‌ಬಾಬು ಬರೋಕ್ಮುಂಚೆ ಹೆಂಗಾದ್ರೂ ಆಚೆ ಬಿಡ್ಸಮ್ಮ."

ಅವಳು ಮಗನಿಗೆಂದು ತಂದ ಡಬ್ಬಿಯನ್ನು ಮೆಲ್ಲಗೆ ಆ ಕೈಗಿಟ್ಟಳು.