ಎಡಗೈ ಹೆಬ್ಬೆಟ್ಟು

ಈ ಸಲವೂ ಹೊಸ ಲ್ಯಾಪ್‌ಟಾಪ್ ಅವಳ ಬೆರಳನ್ನು ಒಪ್ಪಲಿಲ್ಲ. 'ಬೆರಳಚ್ಚು ಸ್ಪಷ್ಟವಾಗಿಲ್ಲ, ಮತ್ತೆ ಪ್ರಯತ್ನಿಸಿ' ಎಂದು ಪರದೆಯ ಮೇಲೆ ಮೂಡಿತು.

"ಊರಿಗೆಲ್ಲ ಬೆರಳಚ್ಚು ಮಾಡಿಕೊಡೋಳಿಗೆ ಬೆರಳಚ್ಚೇ ಇಲ್ವಂತೆ!" ಗಂಡ ಮೇಜು ಬಡಿದು ನಕ್ಕ. "ಕೇಳಿದ್ರಾ ಅತ್ತೆ?"

ಕಿಟಕಿಯ ಬಳಿ ಬಟಾಣಿ ಬಿಡಿಸುತ್ತ ಕೂತಿದ್ದ ಅವಳ ತಾಯಿಗೆ ಏನೂ ಅರ್ಥವಾಗಲಿಲ್ಲ. ಅಳಿಯ ನಗುತ್ತಿದ್ದಾನಲ್ಲ ಎಂದು ತಾನೂ ನಕ್ಕಳು.

ಅವಳು ತೋರುಬೆರಳನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿದಳು. ತುದಿ ಹಳೆಯ ನಾಣ್ಯದ ಹಾಗೆ ನುಣುಪಾಗಿತ್ತು. ವರ್ಷಗಟ್ಟಲೆ ಮಂದಿಯ ಅರ್ಜಿ, ಕರಾರು, ಉಯಿಲುಗಳನ್ನು ಟೈಪ್ ಮಾಡಿ ಹಳೆಯ ಲ್ಯಾಪ್‌ಟಾಪಿನ ಕೀಗಳ ಮೇಲೆ ಒಂದಕ್ಷರವೂ ಉಳಿದಿರಲಿಲ್ಲ. ಸವೆದದ್ದು ಅಕ್ಷರಗಳು ಮಾತ್ರ ಎಂದುಕೊಂಡಿದ್ದಳು.

ಬೆಳಗ್ಗೆ ಡಬ್ಬದಿಂದ ಹೊರತೆಗೆದಾಗಿನಿಂದ ಈ ಹೊಸದರ ಮೇಲೆ ಅವಳಿಗೆ ಅರೆನಂಬಿಕೆಯೇ. ಒಳಗೇನಾದರೂ ಇಟ್ಟಿದ್ದಾರೋ ಇಲ್ಲವೋ ಎನ್ನುವಷ್ಟು ಹಗುರ. ಕೀ ಒತ್ತಿದರೆ ಸದ್ದಿಲ್ಲ. ತಪ್ಪು ಬಿದ್ದರೆ ಕಿವಿಗೆ ತಿಳಿಯುವುದು ಹೇಗೆ? ಆದರೆ ಇದಕ್ಕೆ ಬೆರಳಿನ ಬೀಗವಿತ್ತು. ಕೊಂಡದ್ದೇ ಅದಕ್ಕಾಗಿ. ಹಳೆಯದರ ಪಾಸ್‌ವರ್ಡ್ ಗಂಡನೇ ಇಟ್ಟದ್ದು. ಹೋದ ತಿಂಗಳು, ಸಂಸಾರ ಬಿಟ್ಟು ಹೊರಬರಲು ಹೊರಟಿದ್ದ ಹೆಂಗಸೊಬ್ಬಳ ಅರ್ಜಿಯನ್ನು ಅವನು ತೆರೆದು ಓದಿ, ಗೆಳೆಯರ ಮುಂದೆ ನಾಟಕದ ಹಾಗೆ ಆಡಿ ತೋರಿಸಿದ್ದ. ಅದು ಕಿವಿಗೆ ಬಿದ್ದು ಬಂದ ಆ ಹೆಂಗಸು ಬಾಗಿಲಲ್ಲೇ ನಿಂತು, "ನಿಮಗೆ ಮಾತ್ರ ಅಲ್ವಾ ನಾನು ಹೇಳಿದ್ದು?" ಎಂದು ಕೇಳಿದ್ದಳು. ಇವತ್ತು ಸಂಜೆ ಆಕೆ ಮತ್ತೆ ಬರುವವಳಿದ್ದಳು. ಇನ್ನು ನಾನಲ್ಲದೆ ಯಾರೂ ತೆರೆಯಲಾರರು ಎಂದು ಇವಳು ಮಾತು ಕೊಟ್ಟಾಗಿತ್ತು.

"ಹೋಗ್ಲಿ ಬಿಡು, ನಂದೇ ಇರ್ಲಿ." ಗಂಡ ಕೀಲಿಮಣೆಯ ಮೂಲೆಯ ಪುಟ್ಟ ಚೌಕದ ಮೇಲೆ ತನ್ನ ಬೆರಳನ್ನು ಇಟ್ಟ, ಎತ್ತಿದ, ಮತ್ತೆ ಇಟ್ಟ. ಹಸಿರು ಗುರುತು ಬಂತು. "ನೋಡ್ದಾ, ನನ್ನ ಕಂಡ್ರೆ ಹೆಂಗೆ ಬಾಲ ಆಡಿಸುತ್ತೆ! ಬೇಕಾದಾಗ ಒಂದು ಕೂಗು ಹಾಕು, ಬಂದು ತೆಗೆದುಕೊಡ್ತೀನಿ."

"ನನ್ನ ಲ್ಯಾಪ್‌ಟಾಪ್ ತೆಗೆಯೋಕೆ ನಿಮ್ಮನ್ನ ಕೂಗಬೇಕಾ?"

"ಗಂಡನ್ನ ಕೂಗಿದ್ರೆ ಗಂಟಲು ಸವೆಯುತ್ತೇನೇ? ಪಾಸ್‌ವರ್ಡ್ ಒಂದು ಬಾಕಿ ಇದೆ. ಅದನ್ನೂ ನಾನೇ ಹಾಕಿಬಿಡ್ತೀನಿ, ನೀನಾದ್ರೆ ಮರೀತೀಯ."

"ಇಲ್ಲಿ ಕೊಡಿ."

ಅವಳು ಎರಡೂ ಕೈಯಿಂದ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡಳು. ಒಂದೊಂದೇ ಬೆರಳನ್ನು ನೋಡಿಕೊಂಡಳು. ಟೈಪಿಂಗ್ ಕಲಿಸಿದ ಮೇಡಂ ಹೇಳುತ್ತಿದ್ದ ಮಾತು ನೆನಪಾಯಿತು: "ಬಲಗೈ ಹೆಬ್ಬೆರಳು ಪದಗಳ ನಡುವೆ ಜಾಗ ಬಿಡೋಕೆ. ಎಡಗೈದು ಮನೆಗೆ ಬಂದ ನೆಂಟ, ಅದಕ್ಕೆ ಕೆಲಸ ಹೇಳಬೇಡಿ." ಇಷ್ಟು ವರ್ಷ ಅದಕ್ಕೆ ಯಾರೂ ಕೆಲಸ ಹೇಳಿರಲಿಲ್ಲ. ಅವಳು ಆ ಬೆರಳನ್ನು ಚೌಕದ ಮೇಲೆ ಒತ್ತಿದಳು.

"ಅಯ್ಯಯ್ಯೋ, ಎಡಗೈ ಹೆಬ್ಬೆಟ್ಟು!" ಗಂಡ ಚಪ್ಪಾಳೆ ತಟ್ಟಿದ. "ಕಾಲೇಜಿಗೆ ಹೋಗಿ ಕಲಿತಿದ್ದು ಇದನ್ನೇನೇ? ಎಷ್ಟಾದ್ರೂ ಹೆಬ್ಬೆಟ್ಟಮ್ಮನ ಮಗಳಲ್ವಾ! ಬೇಜಾರು ಮಾಡ್ಕೋಬೇಡಿ ಅತ್ತೆ, ತಮಾಷೆಗೆ ಅಂದೆ."

ಈ ಮಾತು ಮಾತ್ರ ತಾಯಿಗೆ ಅರ್ಥವಾಯಿತು. ಓದುಬರಹ ಬಾರದ ಆಕೆ ಯಾವ ಕಾಗದ ಕೊಟ್ಟರೂ ಎಡಗೈ ಹೆಬ್ಬೆಟ್ಟನ್ನೇ ಒತ್ತುತ್ತಿದ್ದಳು. ಅಳಿಯ ಇಟ್ಟ ಈ ಅಡ್ಡಹೆಸರು ಮೊದಮೊದಲು ಬೆನ್ನ ಹಿಂದೆ ಓಡಾಡುತ್ತಿತ್ತು, ಈಚೆಗೆ ಎದುರಿಗೇ ಬರತೊಡಗಿತ್ತು. ಆಕೆ ಮುಖದ ಮೇಲಿನ ನಗುವನ್ನು ಹಾಗೇ ಇರಗೊಟ್ಟು, ಎಡಗೈಯನ್ನು ಮೆಲ್ಲಗೆ ಬಟಾಣಿ ಸಿಪ್ಪೆಯ ಅಡಿಗೆ ಸರಿಸಿದಳು.

ಪರದೆಯ ಮೇಲೆ ಗೆರೆಗಳು ಸುತ್ತುಸುತ್ತಾಗಿ ತುಂಬಿಕೊಂಡವು. ಹಸಿರು ಗುರುತು ಬಂತು. ಅವಳು ಅಲ್ಲಿಗೇ ಬಿಡಲಿಲ್ಲ. ಪಟ್ಟಿಯಲ್ಲಿ ತನ್ನ ಬೆರಳಚ್ಚಿನ ಮೇಲಿದ್ದ ಗಂಡನ ಬೆರಳಚ್ಚನ್ನು ಆರಿಸಿದಳು. 'ಈ ಬೆರಳಚ್ಚನ್ನು ಅಳಿಸಬೇಕೇ?' ಹೌದು.

"ಏಯ್, ಅದು ನಂದು ಕಣೇ!"

"ಹೂಂ, ನಿಮ್ಮದೇ. ನಿಮ್ಮ ಕೈಯಲ್ಲೇ ಇದೆಯಲ್ಲ."

ಅವನು ಮುಂದೆ ಬಗ್ಗುವಷ್ಟರಲ್ಲಿ ಪಾಸ್‌ವರ್ಡಿನ ಜಾಗದಲ್ಲಿ ಕಪ್ಪು ಚುಕ್ಕೆಗಳ ಸಾಲು ಮುಗಿದಿತ್ತು. ಸದ್ದಿಲ್ಲದ ಕೀಗಳು ಅವಳಿಗೆ ಮೊದಲ ಸಲ ಹಿಡಿಸಿದವು.

"ಏನು ಹಾಕ್ದೆ?"

"ಅಮ್ಮನ ಹೆಸರು."

"ಇಷ್ಟೇನಾ!" ಅವನಿಗೆ ಮತ್ತೆ ನಗು ಬಂತು. "ಇದೂ ಒಂದು ಬೀಗಾನಾ? ದಾರೀಲಿ ಹೋಗೋನೂ ತೆಗೀತಾನೆ."

"ತೆಗೀರಿ ನೋಡೋಣ." ಅವಳು ಲ್ಯಾಪ್‌ಟಾಪಿಗೆ ಬೀಗ ಹಾಕಿ ಅವನ ಕಡೆ ತಿರುಗಿಸಿದಳು.

ಅವನು ಅಂಗಿಯ ತೋಳು ಮಡಚಿಕೊಂಡು, ಬೆರಳುಗಳನ್ನು ಕೀಲಿಮಣೆಯ ಮೇಲಕ್ಕೆ ತಂದ. ಅವು ಅಲ್ಲೇ ಗಾಳಿಯಲ್ಲಿ ನಿಂತವು.

"ಅತ್ತೆ ಹೆಸರು... ಅದೇ ಕಣೇ..."

ಸಿಪ್ಪೆಯ ಅಡಿಯಿಂದ ಕೈ ತೆಗೆದು, ಬಟಾಣಿಯ ತಟ್ಟೆಯನ್ನು ಪಕ್ಕಕ್ಕಿಟ್ಟು, ತಾಯಿ ಅಳಿಯನ ಬಾಯನ್ನೇ ನೋಡುತ್ತ ಕೂತಳು.