ಮದುವೆ ಕೇಕಿನ ಚುಕ್ಕಾಣಿ

ದೋಣಿಯಿಂದ ಸ್ಟ್ರೆಚರ್ ಸಮೇತ ಹಗ್ಗ ಕಟ್ಟಿ ಹಡಗಿಗೆ ಎತ್ತುವಾಗಲೂ ಫೆಟರ್‌ಮನ್ನನ ಬಾಯಿ ಸುಮ್ಮನಿರಲಿಲ್ಲ. ಎರಡನೇ ಮಹಾಯುದ್ಧದ ಒಕಿನಾವಾ ದ್ವೀಪದ ಕಾಳಗದಲ್ಲಿ ಎದೆಗೆ ಬಾಂಬಿನ ಚೂರು ಹೊಕ್ಕಿದ್ದ ನೆಬ್ರಾಸ್ಕಾದ ಸೈನಿಕ ಅವನು. ಆಸ್ಪತ್ರೆ ಹಡಗು ಕ್ಲೆಮೆನ್ಸಿಯಲ್ಲಿ ಅವನನ್ನು ಇಳಿಸಿಕೊಂಡವನು ಥಾರ್ಸನ್.

"ನೀನೇನಪ್ಪ ಇಲ್ಲಿ, ಕಾಂಪೌಂಡರಾ?"

"ಚುಕ್ಕಾಣಿ ಹಿಡಿಯೋನು."

"ಇದಕ್ಕೂ ಚುಕ್ಕಾಣಿ ಬೇಕಾ? ಬಿಳಿ ಬಣ್ಣ, ಮೈತುಂಬ ದೀಪ, ಹುಡುಕಿದ್ರೂ ಒಂದು ಬಂದೂಕಿಲ್ಲ. ಮದುವೆ ಕೇಕು ತೇಲಿಬಿಟ್ಟ ಹಾಗಿದೆ. ನಿಜವಾದ ನಾವಿಕರು ಯುದ್ಧನೌಕೇಲಿರ್ತಾರೆ ಬಿಡು."

ಥಾರ್ಸನ್ ಸ್ಟ್ರೆಚರಿನ ಹಗ್ಗ ಬಿಚ್ಚತೊಡಗಿದ. ಯುದ್ಧನೌಕೆಗೆ ಕಳಿಸಿ ಎಂದು ಕ್ಯಾಪ್ಟನ್ನನ್ನು ಕಾಡಿ ಬೇಡಿ ಸೋತವನಿಗೆ ಆ ಮಾತು ತಾಗಬೇಕಾದ ಕಡೆಯೇ ತಾಗಿತ್ತು. ಹಡಗು ಲಂಗರು ಎತ್ತುವ ಮೊದಲೇ ಫೆಟರ್‌ಮನ್ನನಿಗೆ ಜ್ವರ ಏರಿ ಪ್ರಜ್ಞೆ ತಪ್ಪಿತು.

ಮರುದಿನ ಮಧ್ಯಾಹ್ನ ನಡುಗಡಲಲ್ಲಿ ಬಿರುಗಾಳಿ. ಅದೇ ಹೊತ್ತಿಗೆ ಮೇಲಿನ ಚುಕ್ಕಾಣಿ ಕೋಣೆಗೆ ಕೆಳಗಿನಿಂದ ನರ್ಸ್ ಬ್ರಾಂಟ್ಲಿಯ ಫೋನು. "ಆ ಬಾಯಿಬಡುಕನ ಎದೆಯ ಚೂರು ಸರಿದಿದೆ, ಕ್ಯಾಪ್ಟನ್. ಹೃದಯಕ್ಕೇ ಒತ್ತಿಕೊಂಡಿದೆ. ಈಗಲೇ ತೆಗೀದಿದ್ರೆ ಉಳಿಯಲ್ಲ. ಆದ್ರೆ ಹಡಗು ಹೀಗೆ ಹೊರಳಾಡಿದ್ರೆ ಡಾಕ್ಟರು ಚಾಕು ಇಡೋದು ಹೇಗೆ?"

ಕ್ಯಾಪ್ಟನ್ ಥಾರ್ಸನ್ನನ ಮುಖ ನೋಡಿದ.

"ಹಡಗಿನ ಮೂತಿ ಅಲೆಗೆ ಎದುರಾಗಿ ಹಿಡೀತೀನಿ ಸರ್," ಎಂದ ಥಾರ್ಸನ್. "ಹೊರಳೋದು ನಿಲ್ಲುತ್ತೆ, ಏರಿಳಿಯೋದು ನಿಲ್ಲಲ್ಲ. ಆದ್ರೆ ಬರೋ ಅಲೆ ನಂಗೆ ಕಾಣುತ್ತಲ್ಲ. ನಾನು 'ಹೂಂ' ಅಂದಾಗ ಡಾಕ್ಟರು ಕೊಯ್ಲಿ, 'ತಡಿ' ಅಂದಾಗ ಕೈ ಎತ್ಲಿ."

ಕ್ಯಾಪ್ಟನ್ ಎಂಜಿನ್ ನಿಧಾನ ಮಾಡಿಸಿ, ಫೋನನ್ನು ತಾನೇ ಥಾರ್ಸನ್ನನ ಬಾಯಿಗೆ ಹಿಡಿದು ನಿಂತ. ಬಿಳಿ ಹಡಗು ಅಲೆಗಳಿಗೆ ಎದೆಯೊಡ್ಡಿತು.

"ತಡಿ. ದೊಡ್ಡದು ಬರ್ತಿದೆ. ತಡಿ... ಹೂಂ."

"ಹೂಂ," ಎಂದು ಕೆಳಗೆ ಬ್ರಾಂಟ್ಲಿ ಡಾಕ್ಟರಿಗೆ ಒಪ್ಪಿಸಿದಳು.

ಚುಕ್ಕಾಣಿಯ ಚಕ್ರ ತೋಳನ್ನೇ ಕಿತ್ತುಕೊಳ್ಳುವಂತೆ ಜಗ್ಗುತ್ತಿತ್ತು. ಒಂದು ಹೂಂ ತಪ್ಪಿದರೆ ಒಂದು ಜೀವ. ಥಾರ್ಸನ್ನನಿಗೆ ರೆಪ್ಪೆ ಮಿಟುಕಿಸಲೂ ಭಯ. ಒಮ್ಮೆಯಂತೂ ಹೂಂ ಎಂಬ ಮಾತು ತುಟಿಗೆ ಬಂದಿದ್ದಾಗ ದೊಡ್ಡಲೆಯ ಬೆನ್ನ ಹಿಂದೆ ಕಳ್ಳನಂತೆ ಅಡಗಿದ್ದ ಇನ್ನೊಂದು ಕಂಡಿತು. "ತಡಿ!" ಎಂದು ಚೀರಿಬಿಟ್ಟ. ಹಡಗು ಮುಗ್ಗರಿಸಿ ಎದ್ದಿತು. ಕೆಳಗೆ ಚಾಕು ಗಾಳಿಯಲ್ಲೇ ಇತ್ತು.

ಕೊನೆಗೆ ಫೋನಿನಲ್ಲಿ ಬ್ರಾಂಟ್ಲಿಯ ದನಿ ನಗುತ್ತಿತ್ತೋ ಅಳುತ್ತಿತ್ತೋ ಗೊತ್ತಾಗಲಿಲ್ಲ. "ಚೂರು ಸಿಕ್ತು. ಉಸಿರಾಟ ಚೆನ್ನಾಗಿದೆ. ಡಾಕ್ಟರು ಕೇಳ್ತಿದಾರೆ, ಮೇಲೆ ನಿಂತು ಆಪರೇಷನ್ ಮಾಡಿದೋರು ಯಾರು ಅಂತ."

ಥಾರ್ಸನ್ ನಿಶ್ಚಿಂತೆಯಿಂದ ರೆಪ್ಪೆ ಮಿಟುಕಿಸಿದ್ದು ಆಗಲೇ. ಯುದ್ಧನೌಕೆಯ ಯಾವ ಫಿರಂಗಿಯೂ ಅವನಿಗೆ ಅಷ್ಟು ಸಂತೋಷ ಕೊಡುತ್ತಿರಲಿಲ್ಲ.

ಫೆಟರ್‌ಮನ್ ಪೂರ್ತಿ ಕಣ್ಣು ಬಿಟ್ಟದ್ದು ಸಾವಿರ ಮೈಲಿ ದಾಟಿ, ಹಡಗು ಸೈಪಾನ್ ದ್ವೀಪದ ಬಂದರಿನಲ್ಲಿ ನಿಂತ ಮೇಲೆ. ಮಂಚದ ಪಕ್ಕ ಥಾರ್ಸನ್ನನನ್ನು ಕಂಡದ್ದೇ ತಡ, ಹಳೆಯ ನಗು ಮರಳಿತು.

"ಏನಪ್ಪ ಚುಕ್ಕಾಣಿ, ನಿಮ್ಮ ಮದುವೆ ಕೇಕು ಇನ್ನೂ ದಡ ಬಿಟ್ಟು ಅಲ್ಲಾಡೇ ಇಲ್ವಾ?"

ಬ್ರಾಂಟ್ಲಿ ಬಾಯಿ ತೆರೆದಳು. ಥಾರ್ಸನ್ ಕಣ್ಣಲ್ಲೇ ಬೇಡ ಎಂದ. ಆಮೇಲೆ ಮಲಗಿದ್ದವನ ಹೊದಿಕೆ ಸರಿಮಾಡುತ್ತ ಹೇಳಿದ:

"ಹೊರಡ್ತೀವಿ ಮಾರಾಯ. ನೀನು ಇಳಿದ ಮೇಲೆ."